ಫಿಜಾ ಕೈಯೆತ್ತದ ದಿನಗಳು

ಬೆಟಗೇರಿಯ ನೇಕಾರರ ಓಣಿಗಳ ನಡುವೆ ಇರುವ ಸಣ್ಣ ಕ್ರೈಸ್ತ ಪ್ರಾಥಮಿಕ ಶಾಲೆಯಲ್ಲಿ ದಯಾಮಣಿ ಇಪ್ಪತ್ತಾರು ವರ್ಷಗಳಿಂದ ಕಲಿಸುತ್ತಿದ್ದಳು. ಬೆಳಗಿನ ಪ್ರಾರ್ಥನೆಯ ಹೊಣೆ ಅವಳದೇ. ಚರ್ಚಿಗೆ ಹೋಗುವ ಮನೆಗಳ ಮಕ್ಕಳು ಅಲ್ಲಿ ಬೆರಳೆಣಿಕೆಯಷ್ಟು. ಉಳಿದವರು ಮಗ್ಗದ ಮನೆಗಳವರು, ಮುಸಲ್ಮಾನರ ಮನೆಗಳವರು. ಹಾಡು ಮುಗಿದ ಮೇಲೆ ಎಲ್ಲರನ್ನೂ ಎರಡು ನಿಮಿಷ ಸುಮ್ಮನೆ ನಿಲ್ಲಿಸುತ್ತಿದ್ದಳು.

“ನಿಮ್ಮ ನಿಮ್ಮ ಮನ್ಯಾಗ ದೇವರನ್ನ ಹೆಂಗ ಕರೀತೀರಿ, ಹಂಗ ಕರೀರಿ. ಆದ್ರ ಯಾರ ಸಂಗಾಟರ ಜಗಳ ಆಗಿದ್ರ ಮೊದಲ ರಾಜಿ ಆಗ್ರಿ, ಆಮ್ಯಾಲ ಪ್ರಾರ್ಥನಿ.”

ಹೇಳಿ ಹೇಳಿ ಆ ಮಾತು ಅವಳ ಕಿವಿಗೇ ಬೀಳದಷ್ಟು ರೂಢಿಯಾಗಿತ್ತು.

ಮೂರನೆಯ ತರಗತಿಯ ಫಿಜಾ ದಿನಾಲೂ ಎರಡೂ ಅಂಗೈ ಎದೆಯ ಮುಂದೆ ಬಿಚ್ಚಿ ಕಣ್ಣು ಮುಚ್ಚುತ್ತಿದ್ದಳು. ಒಂದು ಸೋಮವಾರ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನೆಲ ನೋಡುತ್ತ ನಿಂತಳು. ಮಂಗಳವಾರವೂ ಹಾಗೇ, ಬುಧವಾರವೂ ಹಾಗೇ. “ಯಾಕವ್ವಾ, ಆರಾಮಿಲ್ಲೇನ?” ಎಂದರೆ ಸಾಲಿನಲ್ಲಿ ಇನ್ನಷ್ಟು ಹಿಂದೆ ಸರಿದಳು. ಮನೆಯವರು ಬೇಡ ಅಂದಿರಬೇಕು ಎಂದು ದಯಾಮಣಿ ಅಂಜಿದಳು. ಬೇರೆ ಊರಲ್ಲಿ ಪ್ರಾರ್ಥನೆಯ ಸಲುವಾಗಿ ಪಾಲಕರು ಜಗಳಕ್ಕೆ ಬಂದ ಸುದ್ದಿ ಅವಳೂ ಕೇಳಿದ್ದಳು.

ಶುಕ್ರವಾರ ಫಿಜಾಳ ಅಜ್ಜಿ ದಿಲಶಾದಬಿ ಮೊಮ್ಮಗಳ ಕೈ ಹಿಡಿದು ಶಾಲೆಗೆ ಬಂದಳು.

“ಬರ್ರಿ, ಕುಂಡ್ರಿ,” ಎಂದು ದಯಾಮಣಿ ಕುರ್ಚಿ ಎಳೆದು ಕೊಟ್ಟಳು. “ಪ್ರಾರ್ಥನಿ ವಿಷಯ ಏನ್ರಿ?”

“ಹೌದ್ರಿ ಅಕ್ಕಾರ, ಅದs. ಈಕಿ ಮನ್ಯಾಗೂ ದುವಾ ಮಾಡವಲ್ಲಳು. ಯಾಕಲೇ ಅಂದ್ರ ಅಳತಾಳ. ನಿನ್ನೆ ಅಕ್ಕಿ ಡಬ್ಬ್ಯಾಗ ಕೈ ಹಾಕಿದ್ರ ಇದು ಸಿಕ್ತು ನೋಡ್ರಿ.” ಅಜ್ಜಿ ಚೀಲದಿಂದ ಮಗ್ಗದಲ್ಲಿ ನೂಲು ಓಡಿಸುವ ಹಳೆಯ ಲಾಳಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟಳು.

ದಯಾಮಣಿ ಅದನ್ನು ಕಂಡೊಡನೆ ಗುರುತಿಸಿದಳು. ಹಿಂದಿನ ಶನಿವಾರ ಫಿಜಾಳ ತರಗತಿಯ ವಿದ್ಯಾಶ್ರೀ ಗೆಳತಿಯರಿಗೆ ತೋರಿಸಲು ಅಜ್ಜನ ಮಗ್ಗದ ಲಾಳಿ ತಂದಿದ್ದಳು. ಶಾಲೆ ಬಿಡುವ ಹೊತ್ತಿಗೆ ಅದು ಕಾಣೆಯಾಗಿತ್ತು.

ಫಿಜಾ ಬಿಕ್ಕುತ್ತ ಹೇಳಿದಳು: “ಆಕಿ ಎಲ್ಲಾರಿಗೂ ಹಿಡಿಯಾಕ ಕೊಟ್ಟಳ್ರಿ, ನನಗೊಬ್ಬಾಕಿಗೇ ಕೊಡಲಿಲ್ಲ. ಸಿಟ್ಟು ಬಂದು ಒಯ್ದೆ. ರಾಜಿ ಆಗದs ಪ್ರಾರ್ಥನಿ ಮಾಡಬ್ಯಾಡ್ರಿ ಅಂತ ನೀವs ಹೇಳೀರಿ. ಕೊಡಾಕ ಹೆದರಿಕಿ ಆತ್ರಿ.”

ದಯಾಮಣಿಯ ನಾಲ್ಕು ದಿನದ ಅಂಜಿಕೆ ಇಳಿಯಿತು. ಹುಡುಗಿ ಪ್ರಾರ್ಥನೆಯನ್ನು ಬಿಟ್ಟಿರಲಿಲ್ಲ. ಅದನ್ನು ತನಗಿಂತಲೂ ಗಟ್ಟಿಯಾಗಿ ನಂಬಿದ್ದಳು. ಮರುಗಳಿಗೆಗೇ ಇನ್ನೊಂದು ನೆನಪು ಚುಚ್ಚಿತು. ಅಂದು ವಿದ್ಯಾಶ್ರೀ ‘ಯಾರೋ ಒಯ್ದಾರ್ರಿ’ ಎಂದು ಅಳುತ್ತ ಬಂದಾಗ, ಅಂಕಪಟ್ಟಿ ಬರೆಯುವ ಗಡಿಬಿಡಿಯಲ್ಲಿ ತಾನು ಎಲ್ಲರೆದುರು ಗದರಿದ್ದಳು: “ನೀನs ಎಲ್ಲೋ ಕಳಕೊಂಡು ಮಂದಿ ಮ್ಯಾಲ ಹಾಕಬ್ಯಾಡ!”

ಅವಳು ವಿದ್ಯಾಶ್ರೀಯನ್ನು ಕರೆಸಿದಳು. ಫಿಜಾ ಲಾಳಿ ಕೊಟ್ಟು, “ತಪ್ಪಾತು” ಎಂದಳು. ವಿದ್ಯಾಶ್ರೀ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಎಲ್ಲೂ ಸೀಳಿಲ್ಲವೆಂದು ಖಾತ್ರಿ ಮಾಡಿಕೊಂಡು, “ಹಿಡಿ, ಒಮ್ಮೆ ನೋಡು,” ಎಂದು ಮತ್ತೆ ಅವಳ ಕೈಗೇ ಕೊಟ್ಟಳು.

ಶನಿವಾರ ಬೆಳಿಗ್ಗೆ ಹಾಡು ಮುಗಿದ ಮೇಲೆ ದಯಾಮಣಿ ಮಕ್ಕಳ ಮುಂದೆ ನಿಂತಳು. ಫಿಜಾಳ ಹೆಸರು ಎತ್ತಲಿಲ್ಲ. “ವಿದ್ಯಾಶ್ರೀ ಖರೆ ಹೇಳಿದ್ಲು. ನಾ ಕೇಳಲಿಲ್ಲ, ಎಲ್ಲಾರ ಮುಂದ ಬೈದೆ. ಅದಕ್ಕ ಎಲ್ಲಾರ ಮುಂದನs ತಪ್ಪಾತು ಅಂತೀನಿ.”

ಮಕ್ಕಳೆಲ್ಲ ವಿದ್ಯಾಶ್ರೀಯ ಕಡೆ ತಿರುಗಿದರು. ಅವಳು ನಾಚಿಕೊಂಡು, “ಇರಲಿ ಬಿಡ್ರಿ ಅಕ್ಕೋರ,” ಎಂದದ್ದೇ ತಡ, ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ದಯಾಮಣಿಯೂ ನಕ್ಕಳು. ನಗುವನ್ನು ಅಡಗಿಸಿ ಎರಡು ನಿಮಿಷದ ಮೌನಕ್ಕೆ ಅವರನ್ನು ನಿಲ್ಲಿಸುವಷ್ಟರಲ್ಲಿ ಮೊದಲ ಗಂಟೆ ಹೊಡೆದೇಬಿಟ್ಟಿತು.