ತೊಗಲು ಸೀಟಿನ ಮೇಲೆ ಶಿವರಾಮು

ಹೂಟಗಳ್ಳಿಯ ಹೌಸಿಂಗ್ ಬೋರ್ಡ್ ಕಾಲನಿಯ ಶಿವರಾಮು ಆ ವರ್ಷ ದೀಪಾವಳಿ ಕಳೆದ ಮೇಲೆ ಹೆಚ್ಚುಕಮ್ಮಿ ಆರು ವಾರ ನಿಂತುಕೊಂಡೇ ತಿಂಡಿ ತಿಂದ. ಮನೆಯಲ್ಲಿ ಫ್ರಿಜ್ಜಿಗೆ ಒರಗಿ ನಿಂತು, ಕಾರ್ಖಾನೆಯ ಕ್ಯಾಂಟೀನಿನಲ್ಲಿ ಕಿಟಕಿಯ ಪಕ್ಕ ನಿಂತು. ಕೇಳಿದವರಿಗೆ ‘ಬೆನ್ನು ನೋವು’ ಅನ್ನುತ್ತಿದ್ದ. ನೋವಿದ್ದದ್ದು ಬೆನ್ನಿಗಿಂತ ಒಂದು ಗೇಣು ಕೆಳಗೆ.

ಐವತ್ಮೂರು ವರ್ಷದ ಶಿವರಾಮು ಫಿಟ್ಟರ್. ಇಪ್ಪತ್ತೇಳು ವರ್ಷದಿಂದ ಒಂದೇ ಕಾರ್ಖಾನೆ. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಏಳು ತಿಂಗಳ ಬಸುರಿಯದು, ಹಿಂಭಾಗ ಇಲ್ಲವೇ ಇಲ್ಲ. ಪ್ಯಾಂಟು ನಿಲ್ಲುವುದೇ ಬೆಲ್ಟಿನ ದಯೆಯಿಂದ. ದೇವರ ಗೂಡಿಲ್ಲದ, ಬುದ್ಧನ ಪಟ ಮತ್ತು ಬಾಬಾಸಾಹೇಬರ ಫೋಟೊ ಮಾತ್ರ ಇರುವ ಮನೆ ಅದು. ಆದರೂ ಹೆಂಡತಿ ಯಶೋಧಾ ಈ ಒಂದು ವಿಷಯಕ್ಕೆ ದೇವರನ್ನೇ ಹೊಣೆ ಮಾಡುತ್ತಿದ್ದಳು: “ಹಿಂದಕ್ಕೆ ಇಡಬೇಕಾದ್ದನ್ನೆಲ್ಲ ಮರೆತು ಮುಂದಕ್ಕೇ ಮೆತ್ತವನೆ.”

ಶುಗರ್ ಇನ್ನೂರ ನಲವತ್ತಕ್ಕೆ ಏರಿದಾಗ ಡಾಕ್ಟರು ವಾಕಿಂಗ್ ಹೋಗಿ ಅಂದರು. ಶಿವರಾಮು ಮೂರು ದಿನ ಹೋದ. ಕಾಲನಿಯ ಪಾರ್ಕಿನಲ್ಲಿ ಪ್ರತಿ ಸುತ್ತಿಗೂ ಅದೇ ಹದಿನಾಲ್ಕು ಜನ ಎದುರಾಗಿ, ಪ್ರತಿ ಸಲವೂ ಹಲ್ಲು ಕಿರಿದು, ಕಾಲಿಗಿಂತ ಮೊದಲು ದವಡೆ ಸೋತಿತು. ವಾಪಸು ಹೋಗಿ ಬೇರೆ ಏನಾದರೂ ಹೇಳಿ ಅಂದ. ಸೈಕಲ್ ಹೊಡೀರಿ ಅಂದರು.

ಎರಡು ಕ್ರಾಸು ಆಚೆಗಿನ ನಿರಂಜನ್ ಎಂಬ ಬ್ಯಾಂಕ್ ಆಫೀಸರು ತನ್ನ ಎರಡು ಸೈಕಲ್‌ಗಳಲ್ಲಿ ಒಂದನ್ನು ಮಾರುವವನಿದ್ದ. ಭಾನುವಾರ ಬೆಳಗ್ಗೆ ಮೈಗಂಟಿದ ಬಟ್ಟೆ ತೊಟ್ಟು, ಹೆಲ್ಮೆಟ್ಟು ಹಾಕಿ, ಇಲವಾಲಕ್ಕೆ ಇಡ್ಲಿ ತಿನ್ನಲು ಸೈಕಲಿನಲ್ಲಿ ಹೋಗುವ ಗುಂಪಿನ ಮುಂದಾಳು ಅವನು. ಸೈಕಲ್ಲೇನೋ ಚೆನ್ನಾಗಿತ್ತು. ಅದರ ಮೇಲೆ ಕಂದು ಬಣ್ಣದ, ಕನ್ನಡಿಯಂತೆ ಮಿರುಗುವ, ಹಿಂದೆ ತಾಮ್ರದ ಮೊಳೆಗಳಿದ್ದ ತೊಗಲಿನ ಸೀಟು. ಶಿವರಾಮು ಬೆರಳಿಂದ ತಟ್ಟಿದ. ಟಕ್ ಅಂತು.

“ಇದು ಸೀಟಲ್ಲ ಸರ್, ಸಂಬಂಧ” ಅಂದ ನಿರಂಜನ್. “ಮೊದಲು ಎಂಟುನೂರು ಕಿಲೋಮೀಟರು ನೀವು ಇದನ್ನ ತಡ್ಕೋಬೇಕು. ಆಮೇಲೆ ಇದು ನಿಮ್ಮ ಆಕಾರಕ್ಕೆ ಬರುತ್ತೆ. ಸೋಫಾನೇ ಬೇಡ ಅನ್ನಿಸಿಬಿಡುತ್ತೆ.”

ಮದುವೆ ಮಾತುಕತೆಯಲ್ಲಿ ಹೆಣ್ಣಿನ ಕಡೆಯವರು ಹೇಳುವ ಹಾಗೆಯೇ ಇದೆಯಲ್ಲ ಎಂದು ಶಿವರಾಮುವಿಗೆ ಅನ್ನಿಸಿತು. ಆದರೂ ಒಪ್ಪಿ ಮನೆಗೆ ತಂದ.

ಗೇಟಿನಲ್ಲಿ ಅವನ ತಾಯಿ ಸೋಮಮ್ಮ ನಿಂತಿದ್ದಳು. ಎಪ್ಪತ್ತೆಂಟು ವರ್ಷ, ಕಣ್ಣು ಸ್ವಲ್ಪ ಮಂಜು, ಮೂಗು ಮಾತ್ರ ಚುರುಕು. ಸೈಕಲ್ ಹತ್ತಿರ ಬರುತ್ತಲೇ ಮುಖ ಗಂಟಿಕ್ಕಿದಳು.

“ತೊಗಲು ಕಣ್ಲಾ ಅದು.”

“ಸೀಟು ಕಣವ್ವ.”

“ಒಳೀಕೆ ತರಬ್ಯಾಡ. ಆಚೇಲೇ ಇರ್ಲಿ.”

ಅವಳ ಸಿಟ್ಟಿಗೆ ಕಾರಣವಿತ್ತು. ಶಿವರಾಮುವಿನ ಅಪ್ಪ ಮಂಟೇಸ್ವಾಮಿ ನಂಜನಗೂಡಿನ ಆಚೆಯ ಊರಿನಲ್ಲಿ ಚರ್ಮ ಹದ ಮಾಡಿ ಮೆಟ್ಟು ಹೊಲಿಯುತ್ತಿದ್ದವನು. ಊರಿಗೆಲ್ಲ ಅವನ ಮೆಟ್ಟು ಬೇಕು, ಅವನು ಮಾತ್ರ ಯಾರ ಜಗಲಿಗೂ ಬೇಡ. ಶಿವರಾಮು ಆರು ವರ್ಷದವನಿದ್ದಾಗ ಒಂದು ಬೆಳಗ್ಗೆ ಸಾಕು ಅಂದವನೇ ಹೆಂಡತಿ ಮಗನನ್ನು ಕರೆದುಕೊಂಡು ಹೊರಟ. ಕಪಿಲಾ ನದಿಯ ಸೇತುವೆಯ ಮೇಲೆ ನಿಂತು ತನ್ನ ಉಳಿ, ಚರ್ಮ ಕುಯ್ಯುವ ರಂಪಿಗೆ ಎಲ್ಲವನ್ನೂ ಹೊಳೆಗೆ ಎಸೆದ. ಮಂಡಿ ಮೊಹಲ್ಲಾದ ಒಂದು ಬೆಲ್ಲದ ಗೋಡೌನಿನಲ್ಲಿ ವಾಚ್‌ಮನ್ ಆಗಿ ಸೇರಿದ. ಸಾಯುವವರೆಗೂ ಕಾಲಿಗೆ ಹಾಕಿದ್ದು ರಬ್ಬರ್ ಹವಾಯಿ. ಮಗನ ಮದುವೆಯಲ್ಲಿ ಬೀಗರು ಕೊಟ್ಟ ಹೊಸ ಚರ್ಮದ ಚಪ್ಪಲಿಯನ್ನು ಛತ್ರದ ಅಡುಗೆಯವನಿಗೆ ಕೊಟ್ಟು ಹವಾಯಿಯಲ್ಲೇ ಓಡಾಡಿದ್ದ.

ಹೀಗಾಗಿ ಸೈಕಲ್ ಸ್ಕೂಟರ್ ಶೆಡ್ಡಿನಲ್ಲಿ ನಿಂತಿತು. ಶಿವರಾಮುವಿನ ಯಾತನೆ ಮಾರನೆಯ ಬೆಳಗ್ಗೆ ಶುರುವಾಯಿತು.

ಮೊದಲ ಒಂದು ಕಿಲೋಮೀಟರು ಪರವಾಗಿಲ್ಲ ಅನ್ನಿಸಿತು. ಎರಡನೆಯದರಲ್ಲಿ ತನಗೆ ಕೂರುವ ಜಾಗದಲ್ಲಿ ಎರಡು ಮೂಳೆಗಳಿವೆ ಎಂಬುದು ಐವತ್ಮೂರು ವರ್ಷದಲ್ಲಿ ಮೊದಲ ಬಾರಿ ತಿಳಿಯಿತು. ರಿಂಗ್ ರೋಡು ಮುಟ್ಟುವಷ್ಟರಲ್ಲಿ ಆ ಎರಡು ಮೂಳೆಗಳ ವಿನಾ ಮೈಯಲ್ಲಿ ಬೇರೆ ಅಂಗಗಳಿವೆ ಎಂಬುದೇ ಮರೆತುಹೋಯಿತು. ಭಾನುವಾರ ಗುಂಪಿನ ಜೊತೆ ಇಲವಾಲದ ಹೋಟೆಲಿಗೆ ಹೋದಾಗ ಎಲ್ಲರೂ ಕುರ್ಚಿ ಎಳೆದುಕೊಂಡು ಕೂತರು. ಶಿವರಾಮು ಕಂಬಕ್ಕೆ ಒರಗಿ, ತಟ್ಟೆ ಕೈಯಲ್ಲಿ ಹಿಡಿದು, ನಾಲ್ಕು ಇಡ್ಲಿ ನಿಂತೇ ಮುಗಿಸಿದ.

“ಎಷ್ಟು ಕಿಲೋಮೀಟರ್ ಆಯ್ತು ಸರ್?” ನಿರಂಜನ್ ಕೇಳಿದ.

“ಇಪ್ಪತ್ತೆಂಟು.”

“ಇನ್ನು ಏಳುನೂರ ಎಪ್ಪತ್ತೆರಡು ಅಷ್ಟೇ.”

ಕಾರ್ಖಾನೆಯಲ್ಲಿ ಸುದ್ದಿ ಹಬ್ಬಲು ಒಂದು ವಾರ ಸಾಕಾಯಿತು. ಮೂಲವ್ಯಾಧಿ ಎಂದು ತೀರ್ಮಾನವಾಯಿತು. ಕ್ಯಾಂಟೀನಿನ ಚಾಮಯ್ಯ ಕೇಳದೆಯೇ ಮಜ್ಜಿಗೆ, ಮೂಲಂಗಿ ಕೋಸಂಬರಿ ಕೊಡತೊಡಗಿದ. ಅಗ್ರಹಾರದ ಕಡೆಯ ಸಹೋದ್ಯೋಗಿಯೊಬ್ಬ ಒಬ್ಬ ನಾಟಿ ವೈದ್ಯರ ಚೀಟಿಯನ್ನು ಯಾರಿಗೂ ಕಾಣದಂತೆ ಜೇಬಿಗೆ ತುರುಕಿ, ಭುಜ ತಟ್ಟಿ ಹೋದ. ಸೈಕಲಿನಿಂದ ಆದದ್ದು ಎಂದರೆ ಯಾರೂ ನಂಬಲಿಲ್ಲ. ಎಲ್ಲರೂ ಹುಡುಗರಾಗಿದ್ದಾಗಿನಿಂದ ಸೈಕಲ್ ಹೊಡೆದವರೇ.

ಮನೆಯಲ್ಲಿ ಯಶೋಧಾ ಕನಿಕರಪಟ್ಟು ಹಳೆಯ ಮಖಮಲ್ಲಿನ ರವಿಕೆ ಬಟ್ಟೆಯಲ್ಲಿ ಸ್ಪಂಜು ತುಂಬಿ ಒಂದು ದಿಂಬು ಹೊಲಿದಳು. ಕೆಂಪು ಬಣ್ಣ, ಅಂಚಿಗೆ ಜರಿ. ಅದನ್ನು ಕಟ್ಟಿದ ಸೈಕಲ್ ಮದುವೆ ಕುದುರೆಯಂತೆ ಕಂಡಿತು. ಹಿನಕಲ್ ಸಿಗ್ನಲ್ಲಿನಲ್ಲಿ ದಾರ ಕಳಚಿ ದಿಂಬು ಜಾರಿ ರಸ್ತೆಗೆ ಬಿತ್ತು. ಹಿಂದಿನ ಸಿಟಿ ಬಸ್ಸಿನವನು ಹಾರ್ನ್ ಹೊಡೆದು, “ಯಜಮಾನ್ರೇ, ಸಿಂಹಾಸನ ಬಿದ್ದೋಯ್ತು!” ಎಂದು ಕೂಗಿದ. ಇಡೀ ಬಸ್ಸು ಕಿಟಕಿಗೆ ಬಂತು. ಶಿವರಾಮು ಅದನ್ನು ಎತ್ತಿಕೊಳ್ಳಲಿಲ್ಲ.

ಆಮೇಲೆ ನಿರಂಜನ್‌ನ ಮಾತು ಕೇಳಿ ಒಳಗೆ ಮೆತ್ತೆ ಇರುವ ಸೈಕಲ್ ಚಡ್ಡಿ ತರಿಸಿದ. ಒಗೆದು ಹಿತ್ತಲಿನ ಹಗ್ಗದ ಮೇಲೆ ಹಾಕಿದ್ದನ್ನು ಸೋಮಮ್ಮ ಮುಟ್ಟಿ, ಹಿಸುಕಿ, ತಿರುಗಿಸಿ ನೋಡಿದಳು.

“ಯಾರ ಮಗೀದಮ್ಮ ಇದು? ಒಳಗೇ ಬಟ್ಟೆ ಕಟ್ಬುಟ್ಟವ್ರೆ.”

“ನಿಮ್ಮ ಮಗಂದೇ ಅತ್ತೆ” ಅಂದಳು ಯಶೋಧಾ.

ಸೋಮಮ್ಮ ಅದನ್ನು ಇನ್ನೊಮ್ಮೆ ಹಿಸುಕಿ, “ಆರು ತಿಂಗ್ಳಿಗೇ ಬಟ್ಟೆ ಕಟ್ಟೋದ ಬುಡಿಸಿದ್ದೆ ಕಣಮ್ಮ” ಅಂದಳು.

ಡಿಸೆಂಬರಿನ ಎರಡನೆಯ ಭಾನುವಾರ ಶಿವರಾಮು ಇಲವಾಲದಿಂದ ಬಂದವನೇ ನಡುಮನೆಯ ಚಾಪೆಯ ಮೇಲೆ ಬೋರಲು ಬಿದ್ದ. ಇನ್ನೂರ ಹದಿನಾರು ಕಿಲೋಮೀಟರು ಆಗಿತ್ತು. ಉಳಿದದ್ದನ್ನು ಲೆಕ್ಕ ಹಾಕಲು ಧೈರ್ಯವಿರಲಿಲ್ಲ. ಸೋಮಮ್ಮ ಪಕ್ಕದಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಅವನು ನರಳಿದ್ದು ಮೂರನೇ ಸಲ ಕೇಳಿದಾಗ ಅವಳ ತಾಳ್ಮೆ ತಪ್ಪಿತು.

“ಸಾಕು ಸುಮ್ಕಿರ್ಲಾ. ನಿಮ್ಮಪ್ಪ ತೊಗಲು ಬುಡಕ್ಕೆ ಅಂತ ಊರ್ನೇ ಬುಟ್ಟ. ನೀನು ಕಾಸು ಕೊಟ್ಟು ತಂದು ತಿಕದಡೀಲಿ ಮಡಗ್ಕಂಡಿದ್ದೀಯ. ಅನುಭವಿಸು.”

ಶಿವರಾಮು ಚಾಪೆಯಿಂದ ಮುಖ ಎತ್ತಿದ. ಆರು ವಾರದ ನೋವು, ಮಜ್ಜಿಗೆ, ಮೂಲಂಗಿ ಎಲ್ಲ ಒಟ್ಟಿಗೆ ಮೇಲೆ ಬಂತು.

“ಅಪ್ಪನ ಕಾಲದಲ್ಲಿ ಅದು ನಮ್ಮ ತಲೆ ಮೇಲಿತ್ತು ಕಣವ್ವ. ಈಗ ತಿಕದ ಕೆಳಗದೆ. ಅಷ್ಟಾದ್ರೂ ಮುಂದಕ್ಕೆ ಬಂದಿಲ್ವ ನಾವು?”

ಅವರೆಕಾಯಿ ಸಿಪ್ಪೆ ಸೋಮಮ್ಮನ ಕೈಯಲ್ಲೇ ಉಳಿಯಿತು. ಬೈಯುತ್ತಾಳೆ ಎಂದುಕೊಂಡ. ಅವಳು ನಗಲು ಶುರುಮಾಡಿದಳು. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆಯಲ್ಲಿ. ಕೆಮ್ಮು ಬಂದು, ಯಶೋಧಾ ನೀರು ತಂದು ಕುಡಿಸಿ, ಬೆನ್ನು ಸವರಬೇಕಾಯಿತು. ಸೆರಗಿನಲ್ಲಿ ಕಣ್ಣು ಒರೆಸಿಕೊಂಡು ಎದ್ದಳು.

“ನಡಿ, ತೋರ್ಸು ಅದೇನು ಅಂತ.”

ಶೆಡ್ಡಿನಲ್ಲಿ ಅವಳು ಸೀಟನ್ನು ಉಗುರಿನಿಂದ ತಟ್ಟಿದಳು, ಹೆಬ್ಬೆರಳಿನಿಂದ ಒತ್ತಿದಳು, ಮೂಗು ಇಟ್ಟು ಮೂಸಿದಳು. ಆಮೇಲೆ ಕೈ ಕೆಳಗೆ ಹಾಕಿ ಒಳಮೈಯನ್ನು ಸವರಿದಳು. ನಲವತ್ತೇಳು ವರ್ಷದಿಂದ ತೊಗಲು ಮುಟ್ಟದ ಆ ಬೆರಳುಗಳು ಏನನ್ನೂ ಮರೆತಿರಲಿಲ್ಲ. ಶಿವರಾಮು ಬೆರಗಾಗಿ ನೋಡುತ್ತ ನಿಂತ.

“ಒಳ್ಳೇ ತೊಗ್ಲು. ದನದ ಬೆನ್ನಿಂದು, ದಪ್ಪಕ್ಕದೆ. ಆದ್ರೆ ಮೇಲೆ ಬರೀ ಪಾಲಿಶ್ ತಿಕ್ಕಿ ತಿಕ್ಕಿ ಹಪ್ಪಳ ಮಾಡ್ಬುಟ್ಟವ್ನೆ. ಒಳಗೆ ಒಂದು ತೊಟ್ಟು ಎಣ್ಣೆ ಕಂಡಿಲ್ಲ. ನೀನು ಕೂರೋಕೆ ಮುಂಚೆ ಇದ್ರ ಮೇಲೆ ಯಾವನೂ ಕೂತೇ ಇಲ್ಲ ಕಣ್ಲಾ.”

“ನಿರಂಜನ್ ಸಾವಿರಾರು ಕಿಲೋಮೀಟರ್ ಹೊಡ್ದವ್ರಂತೆ.”

“ಅವ್ನು ಹೊಡ್ದಿರಬೈದು. ಇದ್ರ ಮೇಲಲ್ಲ.”

ಶಿವರಾಮು ಅಲ್ಲಿಂದಲೇ ಫೋನ್ ಮಾಡಿದ. ನಿರಂಜನ್ ಮೊದಲು ವಿಷಯ ತೇಲಿಸಿದ, ಆಮೇಲೆ ತಗ್ಗಿದ ದನಿಯಲ್ಲಿ ಒಪ್ಪಿಕೊಂಡ. ಆ ಸೀಟಿನ ಮೇಲೆ ಎರಡೇ ಸಲ ಕೂತದ್ದು. ಎರಡನೇ ಸಲ ಬೋಗಾದಿಯಿಂದ ಆಟೊದಲ್ಲಿ ಸೈಕಲ್ ಹೇರಿಕೊಂಡು ಬಂದಿದ್ದ. ಎಂಟುನೂರು ಕಿಲೋಮೀಟರಿನ ಮಾತು ಎಲ್ಲೋ ಓದಿದ್ದು. “ಗ್ರೂಪಲ್ಲಿ ಹೇಳ್ಬೇಡಿ ಸರ್, ಪ್ಲೀಸ್.”

ಶಿವರಾಮುವಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಸಮಾಧಾನ. ತನ್ನೊಬ್ಬನದೇ ಸೋತ ಪೃಷ್ಠವಲ್ಲ ಎಂಬ ಸಮಾಧಾನ.

ಸೋಮಮ್ಮ ಸೀಟು ಬಿಚ್ಚಿಸಿದಳು. ಒದ್ದೆ ಬಟ್ಟೆಯಲ್ಲಿ ಪಾಲಿಶನ್ನೆಲ್ಲ ಒರೆಸಿದಳು. ಇನ್ನೊಂದು ಒದ್ದೆ ಬಟ್ಟೆ ಸುತ್ತಿ ನೆರಳಲ್ಲಿಟ್ಟಳು. ಹರಳೆಣ್ಣೆ ಬೆಚ್ಚಗೆ ಮಾಡಿ ಒಳಮೈಗೆ ಅಂಗೈಯಿಂದ ಉಜ್ಜಿದಳು.

“ಇನ್ನೊಂಚೂರು ಹಾಕವ್ವ” ಅಂದ ಶಿವರಾಮು.

“ಜಾಸ್ತಿ ಕುಡಿಸಿದ್ರೆ ಕುಡುಕ ಆಯ್ತದೆ. ಜೋತ್ಬೀಳ್ತದೆ. ಹದ ಅನ್ನೋದು ಕೈಗೆ ಗೊತ್ತಾಗ್ಬೇಕು.” ಉಜ್ಜುತ್ತಲೇ ಅವಳ ದನಿ ಇಳಿಯಿತು. “ನಿಮ್ಮಪ್ಪ ಕೂಗಿದ್ರೂ ಕೇಳಿಸ್ಕೊತಿರ್ನಿಲ್ಲ, ಈ ಕೆಲ್ಸಕ್ಕೆ ಕೂತ್ರೆ. ಅಷ್ಟು ಆಸೆ ಇತ್ತು ಕಣೋ ಅವ್ನಿಗೆ ಇದ್ರ ಮೇಲೆ. ಬುಟ್ಟಿದ್ದು ಕೆಲ್ಸ ಕೆಟ್ಟದು ಅಂತಲ್ಲ. ಮಾಡಿಸ್ಕೊಳೋರು ಕೆಟ್ಟೋರು ಅಂತ.”

ಅಪ್ಪನಿಗೆ ಆ ಕೆಲಸದ ಮೇಲೆ ಆಸೆ ಇತ್ತೆಂಬುದು ಶಿವರಾಮುವಿಗೆ ಗೊತ್ತೇ ಇರಲಿಲ್ಲ. ಎಣ್ಣೆ ಬಟ್ಟಲನ್ನು ಅವಳ ಕೈಗೆ ಎಟುಕುವಂತೆ ಹತ್ತಿರ ಸರಿಸಿದ.

ಎರಡು ದಿನ ಹೀಗೆ ನಡೆಯಿತು. ಮೂರನೆಯ ದಿನ ರಜೆ ಹಾಕಿಸಿದಳು. ಸೀಟು ಮತ್ತೆ ಸೈಕಲ್ ಏರಿತು. ಹಳೆಯ ಪ್ಯಾಂಟು ಒದ್ದೆ ಮಾಡಿ ತೊಡಿಸಿ, ಸೈಕಲನ್ನು ಶೆಡ್ಡಿನಲ್ಲಿ ಎರಡು ಕಡೆಯಿಂದ ಕಲ್ಲಿಟ್ಟು ಭದ್ರಮಾಡಿ, ಮಗನನ್ನು ಹತ್ತಿಸಿದಳು. ಒದ್ದೆಯಾದ ತೊಗಲು ಅವನ ಆಕಾರ ಹಿಡಿಯುವವರೆಗೆ, ಮೂರು ಗಂಟೆ ಇಳಿಯುವಂತಿಲ್ಲ. ಸುಮ್ಮನೆ ಯಾಕೆ ಕೂರುತ್ತಾನೆ ಎಂದು ಬಿಡಿಸಲು ಹ್ಯಾಂಡಲಿಗೆ ಅವರೆಕಾಯಿ ಚೀಲ ನೇತುಹಾಕಿದಳು.

ದಾರಿಯಲ್ಲಿ ಹೋಗುವವರೆಲ್ಲ ಗೇಟಿನ ಹತ್ತಿರ ನಿಂತು ನೋಡಿದರು.

“ಎಲ್ಲಿಗ್ ಹೊರಟ್ರಿ ಶಿವರಾಮು?”

“ಎಲ್ಲಿಗೂ ಇಲ್ಲ.”

“ಮತ್ತೆ ಅವರೆಕಾಯಿ?”

“ಸಾರಿಗೆ.”

ಕೇಳಿದವರು ಅವರೆಕಾಯಿಯ ರೇಟು ವಿಚಾರಿಸಿ ಮುಂದೆ ಹೋಗುತ್ತಿದ್ದರು.

ಸೋಮಮ್ಮ ಮೆಟ್ಟಿಲ ಮೇಲೆ ಕೂತು ಮಗನ ಕೂರುವಿಕೆಯನ್ನೇ ದಿಟ್ಟಿಸುತ್ತಿದ್ದಳು. “ಅದ್ಯಾಕ್ಲಾ ಸೀಟು ಮೂತಿ ಎತ್ಕಂಡದೆ? ಬೊಗಳೋ ನಾಯಿ ಹಂಗೆ?”

ಶಿವರಾಮು ಬಗ್ಗಿ ನೋಡಿದ. ಹೌದು. ಮಿಲಿಮೀಟರಿನ ನೂರನೇ ಭಾಗ ಹೆಚ್ಚಾದರೂ ಕಾರ್ಖಾನೆಯಲ್ಲಿ ಬಿಡಿಭಾಗವನ್ನು ವಾಪಸು ಕಳಿಸುವ ಫಿಟ್ಟರ್, ತಾನು ಕೂರುವ ಸೀಟು ಮಟ್ಟವಾಗಿದೆಯೋ ಎಂದು ಒಮ್ಮೆಯೂ ನೋಡಿರಲಿಲ್ಲ! ಅವ್ವನ ಅಪ್ಪಣೆ ಪಡೆದು ಇಳಿದು, ರಸಮಟ್ಟ ತಂದು ಇಟ್ಟ. ಅದರೊಳಗಿನ ಗಾಳಿಗುಳ್ಳೆ ಒಂದು ಮೂಲೆಗೆ ಓಡಿ ಕೂತಿತು. ನಾಚಿಕೆಯಿಂದ ಸ್ಪ್ಯಾನರ್ ಹಿಡಿದು, ಬೋಲ್ಟು ಸಡಿಲಿಸಿ, ಗುಳ್ಳೆ ನಡುವಿಗೆ ಬರುವವರೆಗೆ ಮೂತಿ ತಗ್ಗಿಸಿದ. ಮತ್ತೆ ಹತ್ತಿ ಕೂತ. ಕೆಳಗೆ ಏನೋ ಸರಿಯಾಯಿತು. ಏನೆಂದು ಹೇಳಲು ಬಾರದು, ಆದರೆ ಹುಬ್ಬು ತಾನಾಗಿ ಸಡಿಲವಾಯಿತು.

“ಎಂಗದೆ?” ಸೋಮಮ್ಮ ಕೇಳಿದಳು.

“ಇನ್ನೊಂದ್ ಸೇರು ಅವರೆಕಾಯಿ ಇದ್ರೆ ಕೊಡವ್ವ.”

ಮುಂದಿನ ಭಾನುವಾರ ಇಲವಾಲದ ಹೋಟೆಲಿನಲ್ಲಿ ಶಿವರಾಮು ಎಲ್ಲರಿಗಿಂತ ಮೊದಲು ಕುರ್ಚಿ ಎಳೆದು ಕೂತ. ಇಡ್ಲಿ, ವಡೆ, ಮೇಲೊಂದು ಮಸಾಲೆ ದೋಸೆ ಕೂತೇ ಮುಗಿಸಿದ. ಗುಂಪಿನವರು ಚಪ್ಪಾಳೆ ತಟ್ಟಿದರು. ಶುಗರ್ ಇಳಿಯಿತೇ ಅಂದರೆ ಸ್ವಲ್ಪ ಇಳಿಯಿತು. ದೋಸೆ ಬಿಟ್ಟಿದ್ದರೆ ಇನ್ನೂ ಇಳಿಯುತ್ತಿತ್ತು ಅಂದರು ಡಾಕ್ಟರು.

ಸಂಕ್ರಾಂತಿಯ ಹೊತ್ತಿಗೆ ನಿರಂಜನ್ ಮನೆಗೆ ಬಂದ. ಚೀಲದಲ್ಲಿ ಹೊಸದೊಂದು ತೊಗಲು ಸೀಟು. ಪಾಠ ಕಲಿಯದ ಮನುಷ್ಯ.

“ಅಮ್ಮಾ, ಇದನ್ನೂ ಒಂಚೂರು ಹದ ಮಾಡ್ಕೊಡಿ.”

ಸೋಮಮ್ಮ ಸೀಟು ಮುಟ್ಟಲಿಲ್ಲ. “ನನ್ನ ಮಗನ ತಿಕದ ಅಳತೆ ನಂಗೆ ಗೊತ್ತಪ್ಪ, ತೊಳ್ದಿದ್ದು ನಾನೇ. ನಿಂದು ನಂಗೇನು ಗೊತ್ತು? ಯಶೋಧಾ, ಹರಳೆಣ್ಣೆ ತಕ್ಕಂಬಾ. ಅಲ್ಲಿ ಕೂತ್ಕಳಪ್ಪ. ಅಂಗಿ ತೋಳು ಮಡಿಸು.”

ಬ್ಯಾಂಕ್ ಆಫೀಸರು ಶೆಡ್ಡಿನ ಸಿಮೆಂಟು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಉಂಗುರ ತೆಗೆದಿಟ್ಟು, ತೊಗಲಿಗೆ ಎಣ್ಣೆ ಉಜ್ಜತೊಡಗಿದ. ಸೋಮಮ್ಮ ಮೆಟ್ಟಿಲ ಮೇಲಿಂದ “ಒತ್ತಿ ಉಜ್ಜು, ಪಾಸ್‌ಬುಕ್ಕಿಗೆ ಸೀಲ್ ಹೊಡ್ದಂಗೆ ಮಾಡ್ಬ್ಯಾಡ” ಎಂದು ಗದರಿಸುತ್ತಿದ್ದಳು. ಸಂಜೆಯ ಹೊತ್ತಿಗೆ ಅವನ ಕೈ, ಅಂಗಿ, ಕನ್ನಡಕ ಎಲ್ಲ ಎಣ್ಣೆಯಾಗಿತ್ತು. ಹೋಗುವಾಗ ಅವಳ ಕಾಲಿಗೆ ನಮಸ್ಕಾರ ಮಾಡಲು ಬಗ್ಗಿದ. ಮೊದಲು ಸೋಪು ಹಾಕಿ ಕೈ ತೊಳಕೋ ಎಂದು ನಲ್ಲಿಯ ಕಡೆ ಅಟ್ಟಿದಳು.

ಅವನು ಹೋದ ಮೇಲೆ ಯಶೋಧಾ ಸೀರೆ ಎತ್ತಿ ಕಟ್ಟಿ, ಗಂಡನ ಸೈಕಲ್ ಹತ್ತಿ, ಕ್ರಾಸಿನ ತುದಿಯವರೆಗೆ ಹೋಗಿ ಬಂದಳು. ಇಷ್ಟೆಲ್ಲ ಹೊಗಳಿಸಿಕೊಂಡ ಸೀಟು ಹೇಗಿದೆ ಎಂದು ತಾನೂ ನೋಡಬೇಕಿತ್ತು. ಇಳಿದವಳೇ ಸೊಂಟ ಹಿಡಿದುಕೊಂಡು ಮುಖ ಕಿವುಚಿದಳು.

“ಥೂ, ಇದೇನ್ರೀ, ಬೇರೆಯೋರ ಚಪ್ಪಲಿ ಮೆಟ್ಕಂಡಂಗದೆ!”

ಶಿವರಾಮು ಸೀಟಿನ ಮೇಲೆ ಮೂಡಿದ್ದ ಎರಡು ಪುಟ್ಟ ಗುಂಡಿಗಳನ್ನು ಅಂಗೈಯಿಂದ ಒರೆಸಿ, ಸೈಕಲನ್ನು ಒಳಕ್ಕೆ ನೂಕಿದ.