ಬೈಂಡರ ರೆಕಾರ್ಡಿನ ಕಾಲ

ಬೈಂಡರು ಕಾಲವಾದ ಮೇಲೆ ಕಾಜಕ್ಕ ಅಳಲಿಲ್ಲ. ಇದು ಇಡೀ ಬೀದಿಗೆ ಗೊತ್ತಿತ್ತು, ಯಾಕೆಂದರೆ ಸತ್ತವರ ತಂಗಿ, ಅಂದರೆ ಕಾಜಕ್ಕನ ನಾದಿನಿ, ಅದನ್ನು ಮನೆಮನೆಗೆ ಹೇಳಿಕೊಂಡು ಬಂದಿದ್ದಳು.

ಶರ್ಟು ಹೊಲಿಯುವ ಕಾರ್ಖಾನೆಯಲ್ಲಿ ಗುಂಡಿಯ ತೂತಿಗೆ ಕಾಜಾ ಹಾಕಿ ಹಾಕಿ ಆಕೆಗೆ ಆ ಹೆಸರೇ ನಿಂತುಬಿಟ್ಟಿತ್ತು. ಗಂಡ ಹೋದ ಕೆಲವೇ ದಿನಕ್ಕೆ ಮತ್ತೆ ಮೆಷಿನ್ನಿನ ಮುಂದೆ ಕುಳಿತಳು. ಕೈ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿತ್ತು. ಉಂಡರೆ ಉಂಡಳು, ಬಿಟ್ಟರೆ ಬಿಟ್ಟಳು. ಉಪ್ಪು ಹೆಚ್ಚೋ ಕಡಿಮೆಯೋ ನಾಲಿಗೆ ಹೇಳುತ್ತಿರಲಿಲ್ಲ. ಒಮ್ಮೆ ಸೂಜಿ ಬೆರಳಿಗೇ ಹೊಕ್ಕಿತು. ಪಕ್ಕದವಳು ಕೂಗಿದ ಮೇಲೆ ಕಾಜಕ್ಕ ಕೆಳಗೆ ನೋಡಿದಳು. ಬೆರಳು ಯಾರದ್ದೋ ಅನ್ನಿಸಿತು.

“ಅತ್ತಿಗೆ, ಒಳಗೇ ಇಟ್ಕೊಂಡ್ರೆ ಹುಣ್ಣಾಗತ್ತೆ. ಒಂದ್ಸಲ ಅತ್ತುಬಿಡಿ” ಎಂದಳು ನಾದಿನಿ.

“ಬಂದ್ರೆ ಅಳಲ್ವಾ? ಬರ್ತಾ ಇಲ್ಲ.”

ಕಾಜಕ್ಕನಿಗೂ ಒಳಗೊಳಗೇ ಒಂದು ಹೆದರಿಕೆ. ಅಷ್ಟು ವರ್ಷ ಒಂದೇ ಸೂರಿನಡಿ ಬಾಳಿದವರಿಗೆ ಒಂದು ಹನಿ ಕಣ್ಣೀರು ಇಲ್ಲವೆಂದರೆ ಬಾಳಿದ್ದೇ ಸುಳ್ಳೇನೋ ಎಂದು. ಅಳು ತರಿಸುವ ವಸ್ತು ಮನೆಯಲ್ಲಿ ಒಂದೇ ಇತ್ತು, ಗಂಡನ ರೆಕಾರ್ಡು.

ಬೈಂಡರು ಪುಸ್ತಕಗಳಿಗೆ ರಟ್ಟು ಕಟ್ಟುವವರು. ಗ್ರಂಥಾಲಯದವರು ಬೇಡವೆಂದು ಎತ್ತಿಟ್ಟ ರಾಶಿಯಿಂದ ಆ ರೆಕಾರ್ಡನ್ನು ತಂದಿದ್ದರು. ಒಂದು ಪಿಟೀಲು, ಕಾಲ ನಡುವೆ ಇಟ್ಟುಕೊಂಡು ನುಡಿಸುವ ದೊಡ್ಡ ಪಿಟೀಲು, ಜೊತೆಗೆ ಕೀಲಿ ಒತ್ತಿದರೆ ತಂತಿ ಮೀಟುವ ಪೆಟ್ಟಿಗೆ, ಅಷ್ಟೇ. ಹೊದಿಕೆಯ ಮೇಲಿನ ಅಕ್ಷರ ಇಬ್ಬರಿಗೂ ಬಾರದ ಭಾಷೆಯದು. ಆದರೇನು, ಭಾನುವಾರ ಮಧ್ಯಾಹ್ನ ಅದನ್ನು ಹಾಕಿ ಬೈಂಡರು ಅರ್ಥ ಹೇಳುತ್ತಿದ್ದರು. ಆ ಮನೆಯಲ್ಲಿ ಯಾರೋ ತೀರಿಕೊಂಡಿದ್ದಾರೆ. ಪಿಟೀಲು ಹೇಳಿಕೊಂಡು ಅಳುತ್ತದೆ, ದೊಡ್ಡದು ಬೆನ್ನು ಸವರುತ್ತದೆ, ಪೆಟ್ಟಿಗೆ ಬಾಗಿಲಲ್ಲಿ ನಿಂತು ಬಂದವರಿಗೆ ದಾರಿ ಬಿಡುತ್ತದೆ. “ಕಾಲ ನೋಡು ಇದರದು, ಎಷ್ಟು ಭಾರ” ಎನ್ನುತ್ತಿದ್ದರು. ಆಗೆಲ್ಲ ಕಾಜಕ್ಕನ ಕಣ್ಣು ಒದ್ದೆಯಾಗದೆ ಇರುತ್ತಿರಲಿಲ್ಲ. ಯಾರ ಮನೆಯ ಸಾವೋ ಏನೋ, ಅದಕ್ಕೆ ಅಳು ಬರುತ್ತಿತ್ತು.

ಈಗ ಹಾಕೋಣವೆಂದರೆ ರೆಕಾರ್ಡು ಹಾಕುವ ಪೆಟ್ಟಿಗೆಯ ತಟ್ಟೆ ತಿರುಗಲೊಲ್ಲದು. ಅತ್ತಿಗೆ ನಾದಿನಿ ಇಬ್ಬರೂ ಪೆಟ್ಟಿಗೆಯನ್ನು ರೆಕಾರ್ಡಿನ ಸಮೇತ ಹೊತ್ತು ರಿಪೇರಿ ಅಂಗಡಿಗೆ ಕೊಟ್ಟು ಬಂದರು.

ವಾಪಸು ತರಲು ಹೋದ ದಿನವೂ ನಾದಿನಿ ಜೊತೆಗೇ ಬಂದಳು. ಅತ್ತಿಗೆ ಅಳುವುದನ್ನು ಕಣ್ಣಾರೆ ನೋಡಬೇಕಲ್ಲ. ಅಂಗಡಿಯ ತುಂಬ ಹೊಟ್ಟೆ ಬಿಚ್ಚಿದ ಫ್ಯಾನುಗಳು, ಬಾಲ ಕಳೆದುಕೊಂಡ ಇಸ್ತ್ರಿಪೆಟ್ಟಿಗೆಗಳು. ರಿಪೇರಿಯವರು ಭೂತಗನ್ನಡಿಯನ್ನು ಹಣೆಗೇರಿಸಿಕೊಂಡು, ಹಳೆಯ ಪೈಜಾಮದ ಎಲಾಸ್ಟಿಕ್ಕಿನ ಹಾಗೆ ಸಡಿಲವಾದ ರಬ್ಬರ್ ಬೆಲ್ಟೊಂದನ್ನು ಎತ್ತಿ ತೋರಿಸಿದರು. ಹೊಸ ಬೆಲ್ಟು ಹಾಕಿದ್ದಾರಂತೆ.

“ಕಾಲ ಸರಿ ಮಾಡಿದೀನಮ್ಮ.”

“ಪೆಟ್ಟಿಗೆ ಕಾಲಿಗೇನಾಗಿತ್ತು? ನಾಲ್ಕೂ ಗಟ್ಟಿಯಾಗೇ ಇತ್ತಲ್ಲ” ಎಂದಳು ನಾದಿನಿ.

“ಕಾಲು ಅಲ್ಲಮ್ಮ, ಕಾಲ. ಸಂಗೀತದ ನಡೆ.”

ಅವರು ಮುಳ್ಳು ಇಳಿಸಿದರು. ಪಿಟೀಲು ಮಕ್ಕಳು ಮೆಟ್ಟಿಲಿಳಿದು ಓಡುವ ಹಾಗೆ ಹೊರಟಿತು. ದೊಡ್ಡದು ಹಿಂದಿನಿಂದ ಅಟ್ಟಿಸಿಕೊಂಡು ಬಂತು. ತಂತಿಪೆಟ್ಟಿಗೆ ಗಲಗಲ ನಕ್ಕಿತು. ದನಿಯೂ ಮೇಲೆದ್ದಿತ್ತು; ಸ್ನಾನ ಮಾಡಿ ಬಂದವರ ದನಿಯ ಹಾಗೆ ತಿಳಿಯಾಗಿತ್ತು.

ಇದು ನಮ್ಮದಲ್ಲ, ಯಾರದ್ದೋ ಜೊತೆ ಅದಲುಬದಲಾಗಿದೆ ಎಂದಳು ಕಾಜಕ್ಕ. ರಿಪೇರಿಯವರು ಹೊದಿಕೆ ಕೊಟ್ಟರು. ಹರಿದ ಮೂಲೆಗೆ ಬೈಂಡರು ಅಂಟು ಹಚ್ಚಿ ಬಟ್ಟೆಪಟ್ಟಿ ಕೂರಿಸಿದ್ದು ಹಾಗೇ ಇತ್ತು. ಅವರದೇ.

ರಿಪೇರಿಯವರಿಗೆ ಆ ಅಕ್ಷರ ಒಂದಿಷ್ಟು ಬರುತ್ತಿತ್ತು. ಇದು ಮುನ್ನೂರು ವರ್ಷದ ಹಿಂದಿನ ಬರೋಕ್ ಸಂಗೀತ, ದೊಡ್ಡ ಸಭೆಗಲ್ಲ, ಮನೆಯ ಕೋಣೆಯಲ್ಲಿ ಕೂತು ನುಡಿಸುವುದು ಎಂದರು. ಅಲೆಗ್ರೋ ಎಂದು ಬರೆದಿದೆ, ಅಂದರೆ ಚುರುಕು, ಮೇಜರ್ ಎಂದಿದೆ, ಅದು ಸಾಮಾನ್ಯವಾಗಿ ಸಂತೋಷದ ಶ್ರುತಿ, ಕುಣಿತದ ನಡೆ. ಬೆಲ್ಟು ಸಡಿಲವಾದರೆ ತಟ್ಟೆ ನಿಧಾನ ತಿರುಗುತ್ತದೆ, ಶ್ರುತಿಯೂ ಕೆಳಗಿಳಿಯುತ್ತದೆ.

“ಹಾಗಾದ್ರೆ ನಮ್ಮಣ್ಣ ಇಷ್ಟು ವರ್ಷ ಮದುವೆ ಮನೇಲಿ ಕೂತು ಅಳ್ತಾ ಇದ್ದ ಅನ್ನಿ” ಎಂದು ನಾದಿನಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

“ಮೊದಲಿಂದ ಹಾಗಿರಲ್ಲಮ್ಮ. ಹೊಸದರಲ್ಲಿ ಸರಿಯಾಗೇ ಕೇಳಿರ್ತಾರೆ. ದಿನಾ ಒಂದು ಕೂದಲೆಳೆ ಸಡಿಲ ಆದ್ರೆ ಯಾರಿಗೆ ಗೊತ್ತಾಗತ್ತೆ?”

ಕಾಜಕ್ಕನಿಗೆ ಹಾಲು ನೆನಪಾಯಿತು. ರೆಕಾರ್ಡು ಹಾಕಿದಾಗ ಸಣ್ಣ ಉರಿಯಲ್ಲಿ ಹಾಲಿಡುವುದು ಆಕೆಯ ವಾಡಿಕೆ. ಮದುವೆಯಾದ ಹೊಸತರಲ್ಲಿ ಸಂಗೀತ ಮುಗಿಯುವುದಕ್ಕೂ ಹಾಲು ಏಳುವುದಕ್ಕೂ ಸರಿಹೋಗುತ್ತಿತ್ತು. ಬರುಬರುತ್ತ ಸಂಗೀತ ಇನ್ನೂ ಮುಗಿದಿರುತ್ತಿರಲಿಲ್ಲ, ಹಾಲು ಉಕ್ಕಿ ಹರಿದಿರುತ್ತಿತ್ತು. ಹೊಸ ಒಲೆ ಚುರುಕು, ನೀನು ಮಂದ ಎಂದು ಬೈಂಡರು ರೇಗಿಸುತ್ತಿದ್ದರು. ಆಕೆ ಒಲೆಗೆ ಬೈಯುತ್ತಿದ್ದಳು. ಪಾಪ, ಒಲೆಯದೇನೂ ತಪ್ಪಿರಲಿಲ್ಲ.

ಕುಣಿಯುವ ಸಂಗೀತ ಸುತ್ತು ಹೊಡೆಯುತ್ತಲೇ ಇತ್ತು. ಕಾಜಕ್ಕನ ಕಣ್ಣು ಒಣಗಿಯೇ ಇತ್ತು.

“ಮುಂಚಿನ ಹಾಗೆ ಮಾಡಿಕೊಡಕ್ಕಾಗತ್ತಾ?”

ಹಳೆಯ ಬೆಲ್ಟು ಇನ್ನು ತಡೆಯುವುದಿಲ್ಲ, ಆದರೆ ವೇಗ ಇಳಿಸಲು ಒಂದು ತಿರುಪು ಇದೆ ಎಂದು ಅವರು ಪೆಟ್ಟಿಗೆಯ ಬದಿಗೆ ಕೈ ಹಾಕಿದರು. ಪಿಟೀಲಿನ ಓಟ ನಡಿಗೆಯಾಯಿತು.

“ಇಷ್ಟಾ?”

ಇನ್ನೂ ಕೆಳಗೆ ಎಂದಳು. ದನಿ ದಪ್ಪವಾಯಿತು, ತಂತಿಪೆಟ್ಟಿಗೆಯ ನಗು ನಿಂತಿತು. ನಾದಿನಿಯೂ ನಗು ನಿಲ್ಲಿಸಿದಳು. ಇನ್ನೂ ಸ್ವಲ್ಪ ಎಂದಳು ಕಾಜಕ್ಕ. ಆಮೇಲೆ ಜಾಸ್ತಿಯಾಯಿತು, ಮೇಲೆ ತನ್ನಿ ಎಂದಳು. ತಂದರು. ಎಲ್ಲ ಕಾಲವೂ ಅದೇ ಅನ್ನಿಸಿತು, ಯಾವುದೂ ಅಲ್ಲ ಅನ್ನಿಸಿತು. ಅಷ್ಟು ಭಾನುವಾರ ಕೇಳಿದ ಕಿವಿ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ರಿಪೇರಿಯವರು ತಿರುಪಿನ ಮೇಲೆ ಬೆರಳಿಟ್ಟು ಕಾದರು.

“ಗೊತ್ತಾಗ್ತಿಲ್ಲ” ಎಂದಳು ಕಾಜಕ್ಕ. “ಅವರ ಕಾಲ ಯಾವುದು ಅಂತ ನಂಗೆ ಗೊತ್ತಾಗ್ತಿಲ್ಲ.”

ನಾದಿನಿ ಮೂಗು ಒರೆಸಿಕೊಂಡಳು. ಅಳಲು ಬಂದವಳು ಒಬ್ಬಳು, ಅತ್ತವಳು ಇನ್ನೊಬ್ಬಳು. ಕಾಜಕ್ಕ ಆಕೆಯ ಬೆನ್ನ ಮೇಲೆ ಕೈಯಿಟ್ಟಳು. ಕೈಯಿಡಬೇಕು ಎಂದು ತಿಳಿದಿತ್ತು, ಅದಕ್ಕೆ ಇಟ್ಟಳು.

“ಸರಿಯಾಗಿರೋ ಕಾಲಕ್ಕೇ ತಿರುಗಿಸಿಬಿಡಿ” ಎಂದಳು ಕೊನೆಗೆ. “ಅವರು ಮೊದಲು ಕೇಳಿದ್ದು ಅದೇ ಅಂತೀರಲ್ಲ. ಅದಾದ್ರೂ ಗೊತ್ತಿರೋದು.”

ಪೆಟ್ಟಿಗೆಯ ಒಂದು ಬದಿ ಅತ್ತಿಗೆ, ಇನ್ನೊಂದು ಬದಿ ನಾದಿನಿ ಹಿಡಿದು ಹೊರಟರು.

“ಭಾನುವಾರ ಬಾ” ಎಂದಳು ಕಾಜಕ್ಕ.

“ಅಳೋಕಾ?”

“ಕೇಳೋಕೆ.”

“ಗಂಡ ಹೋದ ಮನೇಲಿ ಕುಣಿಯೋ ಸಂಗೀತ ಅಂದ್ರೆ ಜನ ಏನಂತಾರೆ ಅತ್ತಿಗೆ?”

“ನೀನು ಹೇಳದೆ ಇದ್ರೆ ಜನಕ್ಕೆ ಹೇಗೆ ಗೊತ್ತಾಗತ್ತೆ?”

ಪೆಟ್ಟಿಗೆ ಭಾರವಾಗಿತ್ತು. ತಿರುವಿನಲ್ಲಿ ಒಂದು ಕಟ್ಟೆಯ ಮೇಲೆ ಇಳಿಸಿ, ಕೈ ಬದಲಿಸಿಕೊಂಡು, ಮುಂದೆ ನಡೆದರು.