ಮೂಗಣ್ಣನ ಸಹಿ

ಗ್ಯಾಸ್ ಕಂಪನಿಯ ಕಾಗದಗಳಲ್ಲಿ ಅವನ ಹುದ್ದೆಗೆ ‘ಸೋರಿಕೆ ಪರಿವೀಕ್ಷಕ’ ಎಂಬ ಘನವಾದ ಹೆಸರಿತ್ತು. ಜನ ಕರೆಯುತ್ತಿದ್ದದ್ದು ಮೂಗಣ್ಣ ಎಂದು. ಮೂವತ್ತೊಂದು ವರ್ಷ ಅವನು ಮಾಡಿದ್ದು ಒಂದೇ ಕೆಲಸ: ಕೈ ಹಿಂದೆ ಕಟ್ಟಿಕೊಂಡು ಬೀದಿ ಬೀದಿ ನಡೆದು ಮೂಸುವುದು. ಮೋರಿ ಮುಚ್ಚಳದ ಸಂದಿಗೆ ಬಗ್ಗಿ, ಕಣ್ಣು ಮುಚ್ಚಿ, ಸಂಗೀತ ವಿದ್ವಾಂಸರು ಶ್ರುತಿ ಹಿಡಿಯುವಂತೆ ತಲೆದೂಗಿ, ‘ವಾಸನೆ ಇಲ್ಲ’ ಎಂದು ಬರೆದು ಸಹಿ ಹಾಕುವನು. ಆ ಸಹಿ ಬಿದ್ದ ಬೀದಿಯನ್ನು ಒಂದು ವರ್ಷ ಯಾರೂ ಅಗೆಯುವಂತಿಲ್ಲ, ಅಳೆಯುವಂತಿಲ್ಲ. ಕಂಪನಿಯ ಪದ್ಧತಿ ಅದು.

ಆ ಮೂಗಿಗೆ ನೆಗಡಿಯಾದರೆ ಕಂಪನಿಯೇ ರಜೆ ಕೊಡುತ್ತಿತ್ತು. ಮನೆಯಲ್ಲಿ ಈರುಳ್ಳಿ ಹುರಿಯಬೇಕಾದರೆ ಅವನ ಹೆಂಡತಿ ಅಡುಗೆಮನೆ ಬಾಗಿಲು ಹಾಕಿಕೊಳ್ಳಬೇಕು. “ನಾನು ಕಟ್ಟಿಕೊಂಡಿದ್ದು ಮೂಗನ್ನ. ಗಂಡ ಅದರ ಜೊತೆಗೆ ಬಂದ ಸಾಮಾನು,” ಎನ್ನುತ್ತಿದ್ದಳು ಆಕೆ.

ಕಂಪನಿಗೆ ಆ ವರ್ಷ ನೂರು ತುಂಬುತ್ತಿತ್ತು. ದೊಡ್ಡ ಸಾಹೇಬರು ಅದರ ಚರಿತ್ರೆಯನ್ನು ಪುಸ್ತಕವಾಗಿ ಬರೆಸುತ್ತಿದ್ದರು. ಎಂಬತ್ತು ಪುಟ, ಅದರಲ್ಲಿ ಮೂವತ್ತು ಅವರದೇ ಫೋಟೋ. ಪುಸ್ತಕದಲ್ಲಿ ಇಲ್ಲದ ಚರಿತ್ರೆ ನೆಲದಡಿಯಲ್ಲಿತ್ತು. ಮೊದಲ ಐವತ್ತು ವರ್ಷ ಕಂಪನಿ ಕಲ್ಲಿದ್ದಲು ಕಾಯಿಸಿ ಗ್ಯಾಸ್ ತೆಗೆಯುತ್ತಿತ್ತು. ಎರಕದ ಕಬ್ಬಿಣದ ಕೊಳವೆಗಳನ್ನು ಜೋಡಿಸುವಾಗ ಸಂದಿಗೆ ನಾರಿನ ಹಗ್ಗ ತುರುಕಿ, ಮೇಲೆ ಸೀಸ ಹೊಯ್ದಿದ್ದರು. ಆ ಗ್ಯಾಸಿನಲ್ಲಿ ತೇವವಿದ್ದುದರಿಂದ ಹಗ್ಗ ಉಬ್ಬಿ ಬಿಗಿಯಾಗಿ ಕೂತಿತ್ತು. ಆಮೇಲೆ ದೂರದ ಬಾವಿಗಳಿಂದ ನೈಸರ್ಗಿಕ ಅನಿಲ ಬಂತು. ಅದು ಒಣ ಗ್ಯಾಸು. ಕಂಪನಿ ತನ್ನ ಹೆಸರು ಬದಲಿಸಿತು, ಲಾಂಛನ ಬದಲಿಸಿತು, ವ್ಯಾನುಗಳ ಬಣ್ಣವನ್ನೂ ಬದಲಿಸಿತು. ಕೊಳವೆಗಳನ್ನು ಮಾತ್ರ ಹಾಗೇ ಬಿಟ್ಟಿತು. ಹಗ್ಗಗಳು ಸದ್ದಿಲ್ಲದೆ ಒಣಗಿ ಸಡಿಲವಾಗತೊಡಗಿದವು.

ಈ ಹೊಸ ಗ್ಯಾಸಿಗೆ ಸ್ವಂತ ವಾಸನೆಯೆಂಬುದಿಲ್ಲ. ಸೋರಿದರೆ ತಿಳಿಯಲೆಂದು ಕೊಳೆತ ಮೊಟ್ಟೆಯಂಥ ನಾತವೊಂದನ್ನು ಕಂಪನಿಯೇ ಬೆರೆಸಿ ಬಿಡುತ್ತಿತ್ತು. ಮೂಗಣ್ಣ ಉಣ್ಣುತ್ತಿದ್ದ ಅನ್ನ ಆ ನಾತದ್ದು.

ಅವನ ಅಕ್ಕ ಮನೆಯಲ್ಲೇ ಬಟ್ಟೆ ಹೊಲಿದು ಬದುಕುತ್ತಿದ್ದವಳು. ಅವಳ ಬೀದಿಗೆ ಆ ಬೇಸಿಗೆಯಲ್ಲಿ ಹೊಸ ಕಾಂಕ್ರೀಟು ಬಿತ್ತು. ಎರಡು ತಿಂಗಳಿಗೆ ಅವಳ ಕಾಂಪೌಂಡಿನ ಒಳಗಿನ ಗಿಡಗಳು ಸಾಲಾಗಿ ಕಂದು ಬಣ್ಣಕ್ಕೆ ತಿರುಗಿದವು.

“ದಿನಾ ನೀರು ಹಾಕ್ತೀನಿ ಕಣೋ. ಆದ್ರೂ ಸುಟ್ಟ ಹಾಗೆ ಆಗಿವೆ. ನಿನ್ನ ಪೈಪ್ ಏನಾದ್ರೂ...”

ಮೂಗಣ್ಣ ರಸ್ತೆ ಮೂಸಿದ. ಗಿಡ ಮೂಸಿದ. ಮಣ್ಣು ಹಿಡಿದು ಮೂಸಿದ. ಏನೂ ಇಲ್ಲ.

“ಅಕ್ಕಾ, ನನ್ನ ಮೂಗಿಗಿಂತ ನಿನ್ನ ಗಿಡಕ್ಕೆ ಜಾಸ್ತಿ ಗೊತ್ತಾ? ಹುಳ ಬಿದ್ದಿರ್ಬೇಕು, ಔಷಧಿ ಹೊಡಿ.” ಕಾಗದದ ಮೇಲೆ ‘ವಾಸನೆ ಇಲ್ಲ’ ಎಂದು ಬರೆದು, ಅಕ್ಕನ ಮನೆಯೆಂದು ಸಹಿಗೆ ಒಂದು ಗೀಟು ಜಾಸ್ತಿ ಎಳೆದ. ಅವಳು ಅದರ ಪ್ರತಿಯನ್ನು ಮಡಿಸಿ ಹೊಲಿಗೆ ಡಬ್ಬಿಯಲ್ಲಿಟ್ಟುಕೊಂಡಳು.

ಇದಾಗಿ ಹನ್ನೆರಡನೆಯ ದಿನ, ಸಂಜೆ ಐದಕ್ಕೆ, ಕಂಪನಿಯ ಕ್ಯಾಂಟೀನಿನಲ್ಲಿ ಹೊಸದಾಗಿ ಸೇರಿದ ಇಂಜಿನಿಯರಮ್ಮ ಟೀ ಕುಡಿಯುತ್ತ ಗ್ಯಾಸ್ ಅಳೆಯುವ ತನ್ನ ಮೀಟರು ಒರೆಸುತ್ತಿದ್ದಳು.

“ಅದಕ್ಕೆ ಬ್ಯಾಟರಿ ಬೇಕು. ನನಗೆ ಟೀ ಸಾಕು,” ಎಂದು ಮೂಗಣ್ಣ ಚುಚ್ಚಿದ.

“ನಿಮ್ಮ ಮೂಗಿಗೆ ನಮಸ್ಕಾರ ಅಣ್ಣ. ಆದ್ರೆ ಗ್ಯಾಸು ಮಣ್ಣೊಳಗೆ ತುಂಬಾ ದೂರ ನಡೆದ್ರೆ ಮಣ್ಣು ಆ ವಾಸನೇನ ಹೀರ್ಕೊಂಡುಬಿಡುತ್ತೆ. ಗ್ಯಾಸ್ ಮುಂದೆ ಹೋಗುತ್ತೆ, ವಾಸನೆ ಹಿಂದೆ ಉಳಿಯುತ್ತೆ.”

“ದೂರ ಯಾಕೆ ನಡೆಯುತ್ತೆ? ಮೇಲಕ್ಕೆ ಬರುತ್ತೆ.”

“ಮೇಲೆ ಕಾಂಕ್ರೀಟ್ ಹಾಕಿದ್ರೆ ಹೆಂಗೆ ಬರುತ್ತೆ? ಮನೆಗಳ ಕಡೆ ಹೋಗುತ್ತೆ. ಬೇರಿಗೆ ಗಾಳಿ ಸಿಗದೆ ಮೊದ್ಲು ಗಿಡ ಸಾಯ್ತವೆ.”

ಮೂಗಣ್ಣ ಲೋಟ ಕೆಳಗಿಟ್ಟ. “ವ್ಯಾನ್ ತೆಗಿಯಮ್ಮ,” ಎಂದ.

ಅಕ್ಕನ ಮನೆಯ ಬಾಗಿಲಿಗೆ ಬಂದಾಗ ರೂಢಿಯಂತೆ ಬೆರಳು ಕರೆಗಂಟೆಯ ಗುಂಡಿಯವರೆಗೆ ಹೋಗಿತ್ತು. ಅಲ್ಲಿಂದ ಕೈಯನ್ನು ಕೆಂಡ ಮುಟ್ಟಿದವನಂತೆ ಎಳೆದುಕೊಂಡ. ಗುಂಡಿ ಒತ್ತಿದರೆ ಒಳಗೆ ಒಂದು ಕಿಡಿ. ಇಂಜಿನಿಯರಮ್ಮ ಬಾಗಿಲಿನ ಕೆಳಸಂದಿಗೆ ಮೀಟರಿನ ಕಡ್ಡಿ ತೂರಿಸಿದಳು. ಮುಳ್ಳು ಒಂದೇ ಏಟಿಗೆ ಬಲತುದಿಗೆ ಹೋಗಿ ನಿಂತಿತು. ಮೂಗಣ್ಣ ಉಸಿರೆಳೆದು ನೋಡಿದ. ಹೊಸ ಬಟ್ಟೆಯ ವಾಸನೆ, ಮೆಷಿನ್ ಎಣ್ಣೆಯ ವಾಸನೆ. ಅಷ್ಟೇ.

“ಅಕ್ಕಾ! ಇದ್ದ ಹಾಗೇ ಆಚೆ ಬಾ! ಏನೂ ಮುಟ್ಟಬೇಡ!”

“ಬಂದೆ ಇರೋ, ಏನು ಅರಚ್ತೀಯ,” ಒಳಗಿನಿಂದ ದನಿ ಬಂತು. “ಕತ್ತಲಾಗ್ತಿದೆ, ಲೈಟ್ ಹಾಕ್ಕೊಂಡು ಬರ್ತೀನಿ.”

“ಹಾಕ್ಬೇಡ! ಗ್ಯಾಸ್ ತುಂಬಿದೆ!”

ಅಕ್ಕ ನಕ್ಕಳು. “ತಮಾಷೆ ಮಾಡ್ಬೇಡ. ಏನೂ ಇಲ್ಲ ಅಂತ ನೀನೇ ಬರ್ಕೊಟ್ಟಿದ್ದೀಯ, ಡಬ್ಬೀಲಿ ಇದೆ. ಬೇಕಾದ್ರೆ ತೋರಿಸ್ತೀನಿ, ಕನ್ನಡಕ ಎಲ್ಲಿಟ್ಟೆ... ತಡಿ, ಲೈಟ್...”

ಚಪ್ಪಲಿಯ ಸದ್ದು ಗೋಡೆಯ ಕಡೆ ಸರಿಯಿತು. ಸ್ವಿಚ್ಚು ಇದ್ದದ್ದು ಆ ಗೋಡೆಯಲ್ಲೇ. ಎದುರು ಮನೆಯವರು, ಪಕ್ಕದವರು, ಅಂಗಡಿಯವನು ಎಲ್ಲರೂ ಹೊರಗೆ ಬಂದು ನೋಡುತ್ತಿದ್ದರು. ಮೂವತ್ತೊಂದು ವರ್ಷದಲ್ಲಿ ಹೆಂಡತಿಗೂ ಹೇಳದ ಮಾತನ್ನು ಮೂಗಣ್ಣ ಬೀದಿಗೆಲ್ಲ ಕೇಳುವಂತೆ ಕೂಗಿದ:

“ನಾನು ಬರೆದಿದ್ದು ತಪ್ಪು ಕಣೇ! ನನ್ನ ಮೂಗಿಗೆ ಗೊತ್ತಾಗಲಿಲ್ಲ! ನಿನ್ನ ಗಿಡ ಹೇಳಿದ್ದೇ ಸರಿ!”

ಚಪ್ಪಲಿಯ ಸದ್ದು ನಿಂತಿತು. ಆಮೇಲೆ ಚಿಲಕ ಮೆಲ್ಲಗೆ ಸರಿದು, ಹೆಗಲ ಮೇಲೆ ಅಳತೆ ಪಟ್ಟಿ ಹಾಕಿಕೊಂಡಿದ್ದ ಅಕ್ಕ ಹೊಸ್ತಿಲು ದಾಟಿದಳು. ತಮ್ಮನ ಮುಖ ನೋಡಿ, “ಇಷ್ಟು ವರ್ಷಕ್ಕೆ ಒಪ್ಕೊಂಡೆಯಲ್ಲ. ಹಂಗಾದ್ರೆ ನಿಜವಾಗ್ಲೂ ಗ್ಯಾಸೇ ಇರ್ಬೇಕು,” ಎಂದಳು.

ನೆರೆದವರನ್ನೆಲ್ಲ ಬೀದಿಯ ತುದಿಗೆ ಕಳಿಸಿ, ಕೊಳವೆಯ ಮುಖ್ಯ ಕವಾಟ ಮುಚ್ಚಿಸಿ, ಇಂಜಿನಿಯರಮ್ಮ ಹಿಂದಿರುಗಿದಳು. ಮೀಟರನ್ನು ಪಕ್ಕದ ಮನೆಯ ಬಾಗಿಲಿಗೆ ಹಿಡಿದಳು. ಅಲ್ಲೂ ಮುಳ್ಳು ಅಲುಗಿತು.

“ಅಣ್ಣ, ಈ ವರ್ಷ ಇನ್ನೂ ಎಷ್ಟು ಬೀದಿಗೆ ಕಾಂಕ್ರೀಟ್ ಹಾಕಿದ್ದಾರೆ?”

“ಹದಿನಾಲ್ಕು.”

“ಎಷ್ಟಕ್ಕೆ ಸಹಿ ಹಾಕಿದ್ದೀರಿ?”

ಮೂಗಣ್ಣ ಆ ಬೀದಿಗಳ ಕಡೆ ತಿರುಗಿ ನೋಡಿದ. ಹೊತ್ತು ಮುಳುಗಿತ್ತು. ಕವಾಟದ ಆಚೆಗಿನ ಬೀದಿಗಳಲ್ಲಿ, ಕೆಲಸ ಮುಗಿಸಿ ಬಂದವರು ಒಬ್ಬೊಬ್ಬರಾಗಿ ಮನೆಯ ದೀಪ ಹಾಕತೊಡಗಿದ್ದರು. ಒಂದೊಂದು ಕಿಟಕಿ ಬೆಳಗಿದಾಗಲೂ ಅವನು ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದ.